ಮನೆ ಕಟ್ಟುವವನು ಮೊದಲು ನೋಡತಕ್ಕ ಸಂಗತಿಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಖರ್ಚು ಬಹಳವಾಗುವದೆಂಬದು ಮಾತ್ರವೇ ಕಷ್ಟವಲ್ಲ. ಕಣ್ಣಿಗೆ ಕಾಣುವ ಭಾಗಕ್ಕೆ ಹಣವನ್ನು ಸುರಿದು, ಕಾಣದ ಭಾಗದಲ್ಲಿ ಉಳಿಸುವವನು ಎರಡು ಸಾರಿ ಕಟ್ಟಬೇಕಾಗುವದು. ಕಟಕೋಳದ ಸೀಮೆಯಲ್ಲಿ ಸ್ವಂತ ಮನೆ ಕಟ್ಟಬೇಕೆಂದಿರುವವರು ಈ ನಾಲ್ಕು ಸಂಗತಿಗಳನ್ನು ವಿಚಾರಿಸಲಿ.

1. ನೆಲ. ರಾಮದುರ್ಗ ತಾಲೂಕಿನಲ್ಲಿ ಎರೆಭೂಮಿ ಬಹಳ ಉಂಟು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು. ಬೇಸಿಗೆಯಲ್ಲಿ ಒಣಗಿ, ಕೈ ಇಳಿಯುವಷ್ಟು ಬಿರುಕು ಬಿಡುವದು. ಅದರಲ್ಲಿ ಮೊಳದಾಳದ ಬುನಾದಿ ಹಾಕಿದರೆ ಗೋಡೆಯೂ ನೆಲದ ಸಂಗಡ ಏಳುತ್ತಾ ಇಳಿಯುತ್ತಾ ಸೀಳುವದು. ಆದದರಿಂದ ಬಿರುಕು ಮುಟ್ಟದ ಗಟ್ಟಿ ಮೊರಮು ಸಿಕ್ಕುವ ತನಕ ಅಗಿಯತಕ್ಕದ್ದು. ಬುನಾದಿಯ ಮಗ್ಗುಲಲ್ಲಿಯೂ ಮನೆಯೊಳಗಿನ ನೆಲದ ಕೆಳಗೂ ತೆಗೆದ ಎರೆಯನ್ನು ತಿರಿಗಿ ತುಂಬದೆ, ಮೊರಮನ್ನೇ ತುಂಬಿ ಚೆನ್ನಾಗಿ ಬಡಿಯಬೇಕು. ಎರೆಯು ಬಹು ಆಳವಾಗಿದ್ದರೆ, ಬುಡದಲ್ಲಿ ಗಂಟೆಯ ಹಾಗೆ ಅಗಲವಾದ ಕಾಂಕ್ರೀಟು ಕಂಬಗಳನ್ನು ಇಳಿಸುವ ಕ್ರಮವುಂಟು. ಇದನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದರು. ಇದಕ್ಕೆ ಇಂಜಿನಿಯರರ ಸಹಾಯ ಬೇಕು.

2. ನೀರು. 2019ನೆಯ ಅಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿದಾಗ, ಈ ತಾಲೂಕಿನ ಹೊಳೆದಂಡೆಯ ಊರುಗಳಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದವು. ಮಣ್ಣಿನ ಗೋಡೆಯು ಭಾರವನ್ನು ತಾಳೀತು, ಬುಡದಲ್ಲಿ ನಿಂತ ನೀರನ್ನು ತಾಳದು. ಹಿಂದಿನ ನೆರೆಯು ಎಲ್ಲಿಯ ವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿಯೇ ಸ್ಥಳವನ್ನು ಆರಿಸಿರಿ. ಹೊಳೆಯಿಂದ ದೂರವಿದ್ದರೂ ಕಲ್ಲಿನ ಕಟ್ಟೆಯನ್ನು ಎತ್ತರಿಸಿ, ಬಚ್ಚಲ ನೀರೂ ಮಾಳಿಗೆಯ ನೀರೂ ಗೋಡೆಯಿಂದ ದೂರ ಹೋಗುವಂತೆ ಮಾಡಿರಿ.

3. ಗೋಡೆ ಮತ್ತು ಮಾಳಿಗೆ. ನಮ್ಮ ಹಿರಿಯರ ಮೇಲ್ಮುದ್ದೆಯು ಬಿಸಿಲಿಗೆ ತಂಪು. ಆದರೆ ಸೋರುವದೆಂದು ವರುಷ ವರುಷವೂ ಮಣ್ಣು ಹೇರುತ್ತಾ ಹೋದರೆ, ಹತ್ತು ಅಡಿ ಚೌಕದ ಕೋಣೆಯ ಮೇಲೆ ಒಂದು ಅಡಿ ದಪ್ಪದ ಮಣ್ಣೇ ನಾಲ್ಕು ಟನ್ನಿಗಿಂತ ಹೆಚ್ಚು ತೂಗುವದು. 1993ನೆಯ ಸಪ್ಟೆಂಬರ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ಭೂಕಂಪವಾದಾಗ, ಇಂಥ ಭಾರದ ಕೆಳಗೆ ಕಲ್ಲುಮಣ್ಣಿನ ಗೋಡೆಗಳು ಒಡೆದು, ಮಲಗಿದ್ದ ಸಾವಿರಾರು ಜನರು ಸತ್ತರು. ಆ ಗೋಡೆಗಳ ಒಳಮೈ ಹೊರಮೈಗಳನ್ನು ಕೂಡಿಸುವ ಬಂಧಕಲ್ಲುಗಳು ಸಾಲದೆ ಹೋಗಿದ್ದವು. ಆದದರಿಂದ ಗೋಡೆಯ ಅಗಲಕ್ಕೆಲ್ಲಾ ಮುಟ್ಟುವ ಕಲ್ಲುಗಳನ್ನು ನಡುನಡುವೆ ಇಡಿಸಿರಿ. ಬಾಗಿಲುಗಳ ಮೇಲೆ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿಯನ್ನು ಹಾಕಿಸಿರಿ.

4. ಹಣ. 2019ರಲ್ಲಿ ಪೂರ್ಣವಾಗಿ ಬಿದ್ದ ಮನೆಗೆ ಸರಕಾರವು 5 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿ, ಕೆಲಸವು ಏರಿದ ಹಾಗೆ ಕಂತುಗಳಾಗಿ ಕೊಡುವ ಕ್ರಮವನ್ನಿಟ್ಟಿತು. ಕಂತು ಬರುವದೆಂದು ನಂಬಿ ದೊಡ್ಡ ಬುನಾದಿ ಹಾಕಿದವನ ಗೋಡೆಯು ಮಾಳಿಗೆಯಿಲ್ಲದೆ ಮಳೆಯಲ್ಲಿ ನೆನೆಯುವದು. ಹೀಗಿರಲಾಗಿ, ಮೊದಲು ಕೂತುಕೊಂಡು ಮಾಳಿಗೆಯ ವರೆಗೂ ಲೆಕ್ಕಮಾಡತಕ್ಕದ್ದು. ಎರಡು ಕೋಣೆಗಳ ಪೂರ್ಣವಾದ ಮನೆಯು ಆರು ಕೋಣೆಗಳ ಅರೆಗೋಡೆಗಿಂತ ಉತ್ತಮ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು: ನಮ್ಮ ನಿವೇಶನದಲ್ಲಿ ಮೊರಮು ಎಷ್ಟು ಆಳದಲ್ಲಿದೆ? ಮಳೆಯ ನೀರು ಯಾವ ಕಡೆಗೆ ಹರಿದುಹೋಗುವದು? ಸಾಲವಿಲ್ಲದೆ ಎಷ್ಟು ಕೋಣೆಗಳನ್ನು ಮುಗಿಸಬಲ್ಲೆವು?