ಬಾದಾಮಿಯ ಇಮ್ಮಡಿ ಪುಲಕೇಶಿಯೂ ಅವನ ಮನೆತನವೂ

ಭಾನುವಾರದ ಬಿಡುವಿನಲ್ಲಿ ನಮ್ಮ ವಾಚಕರಲ್ಲಿ ಅನೇಕರು ಗೇಟ್‌ವೇಯಿಂದ ಲಾಂಚು ಹತ್ತಿ ಘಾರಾಪುರಿಗೆ ಹೋಗಿಬರುವುದುಂಟು. ಕೊಂಕಣದ ಮೌರ್ಯರ ರಾಜಧಾನಿಯಾಗಿದ್ದ ಪುರಿ ಈ ದ್ವೀಪವೇ ಎಂದು ವಿದ್ವಾಂಸರಲ್ಲಿ ಹಲವರ ಮತ. ಜಂಜೀರದ ಬಳಿಯ ರಾಜಪುರಿ ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಆ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದವನು ಕನ್ನಡನಾಡಿನ ದೊರೆ, ಚಾಲುಕ್ಯ ಇಮ್ಮಡಿ ಪುಲಕೇಶಿ. ಐಹೊಳೆಯ ಮೇಗುತಿ ಬಸದಿಯಲ್ಲಿ ಕವಿ ರವಿಕೀರ್ತಿ ಕ್ರಿ. ಶ. 634-35ರಲ್ಲಿ ಬರೆಸಿದ ಶಾಸನ ಇದನ್ನು ಹೇಳುತ್ತದೆ.

ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ತಡೆದ ಸಂಗತಿ ಶಾಲೆಗೆ ಹೋದವರಿಗೆಲ್ಲ ಗೊತ್ತು. ಅವನು ಪಟ್ಟಕ್ಕೆ ಬಂದ ಬಗೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ನಾವು ಇಲ್ಲಿ ಅದನ್ನೇ ಹೇಳಬೇಕೆಂದಿದ್ದೇವೆ.

ಅವನ ಅಜ್ಜ ಒಂದನೆಯ ಪುಲಕೇಶಿ 543ರಲ್ಲಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಅಜ್ಜನ ಹಿರಿಯ ಮಗ ಕೀರ್ತಿವರ್ಮ, ಕಿರಿಯವನು ಮಂಗಳೇಶ. ಅಣ್ಣತಮ್ಮಂದಿರು ಅನ್ಯೋನ್ಯವಾಗಿದ್ದರು. 578ರಲ್ಲಿ ಮಂಗಳೇಶನು ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುವಿನ ಗುಡಿ ಕೊರೆಯಿಸಿ, ಅದರ ಪುಣ್ಯವನ್ನು ಅಣ್ಣನಿಗೆ ನೀರೆರೆದು ಧಾರೆಕೊಟ್ಟನೆಂದು ಅಲ್ಲಿನ ಶಾಸನದಲ್ಲಿದೆ. ಅಣ್ಣ ತೀರಿಕೊಂಡಾಗ ಅವನ ಮಕ್ಕಳಿನ್ನೂ ಸಣ್ಣವರು. ಚಿಕ್ಕಪ್ಪನೇ ರಾಜ್ಯಭಾರಕ್ಕೆ ನಿಂತನು, ಚೆನ್ನಾಗಿಯೇ ಆಳಿದನು. ಕಳಚುರಿ ಬುದ್ಧರಾಜನನ್ನು ಸೋಲಿಸಿದನು, ಕೊಂಕಣದ ರೇವತೀದ್ವೀಪವನ್ನು, ಅಂದರೆ ಇಂದಿನ ರೇಡಿಯನ್ನು, ಗೆದ್ದನು.

ಹುಡುಗ ಬೆಳೆದು ದೊಡ್ಡವನಾದ ಮೇಲೆ ತೊಡಕು ಶುರುವಾಯಿತು. ಮಂಗಳೇಶನಿಗೆ ತನ್ನ ಮಗನಿಗೇ ಪಟ್ಟ ಕಟ್ಟುವ ಮನಸ್ಸಾಯಿತು. ಪುಲಕೇಶಿ ರಾಜಧಾನಿಯನ್ನು ಬಿಟ್ಟು ಹೋದನು. ಹೊರಗೆ ಬಲ ಕೂಡಿಸಿಕೊಂಡು ಹಿಂದಿರುಗಿದನು. ಮಗನಿಗೆ ಪಟ್ಟ ಕಟ್ಟುವ ಪ್ರಯತ್ನ, ರಾಜ್ಯ, ಪ್ರಾಣ ಈ ಮೂರನ್ನೂ ಮಂಗಳೇಶ ಒಟ್ಟಿಗೇ ಕಳೆದುಕೊಂಡನೆಂದು ರವಿಕೀರ್ತಿ ಬರೆಯುತ್ತಾನೆ. ಇದು ನಡೆದದ್ದು 609-10ರ ಸುಮಾರಿಗೆ. ಆಂಧ್ರದ ಅನಂತಪುರ ಜಿಲ್ಲೆಯ ಪೆದ್ದವಡಗೂರಿನ ಕನ್ನಡ ಶಾಸನವೊಂದು, ಎರೆಯನು ರಣವಿಕ್ರಮನನ್ನು ಸೋಲಿಸಿ ದಾನ ಕೊಟ್ಟನೆಂದು ಹೇಳುತ್ತದೆ. ಎರೆಯನೆಂದರೆ ಪುಲಕೇಶಿ, ರಣವಿಕ್ರಮನೆಂದರೆ ಮಂಗಳೇಶ ಎಂದು ಕೆಲವು ವಿದ್ವಾಂಸರ ಮತ.

ಇಲ್ಲಿ ಒಂದು ಮಾತು. ಚಿಕ್ಕಪ್ಪನಿಗೆ ಅಸೂಯೆಯಿತ್ತೆಂದು ಹೇಳುವವನು ಗೆದ್ದವನ ಆಸ್ಥಾನದ ಕವಿ. ಸೋತವನ ಕಡೆಯ ಕಾಗದ ನಮ್ಮ ಕೈಗೆ ಬಂದಿಲ್ಲ. ಒಂದೇ ಪಕ್ಷದ ಲೆಕ್ಕ ನೋಡಿ ಬಾಕಿ ಯಾರದೆಂದು ತೀರ್ಮಾನಿಸುವುದು ಗುಮಾಸ್ತಗಿರಿ ಮಾಡುವ ನಮಗೆ ಒಪ್ಪುವುದಿಲ್ಲ. ಊರ ಹೊಲಮನೆಯನ್ನು ಚಿಕ್ಕಪ್ಪನ ಕೈಗೆ ಒಪ್ಪಿಸಿ ಮುಂಬಯಿಗೆ ಬಂದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಲಹ ನಮ್ಮ ನಾಡಿನಲ್ಲಿ ಮಾತ್ರ ಇದ್ದದ್ದಲ್ಲ. ಅದೇ ಕಾಲಕ್ಕೆ ದೂರದ ಐರ್ಲೆಂಡಿನಲ್ಲಿ ಒಬ್ಬ ಮುತ್ತಜ್ಜನ ಗಂಡುಸಂತತಿಯಲ್ಲಿ ಯಾರು ಬೇಕಾದರೂ ದೊರೆತನಕ್ಕೆ ಅರ್ಹರೆಂಬ ಕಟ್ಟಳೆಯಿತ್ತು. ಹಿರಿಯ ಮಗನಿಗೇ ಸಲ್ಲಬೇಕೆಂದೇನೂ ಇರಲಿಲ್ಲ. ಆದ್ದರಿಂದ ಅಲ್ಲಿನ ಉಯ್ ನೀಲ್ ಮನೆತನದಲ್ಲಿ ದಾಯಾದಿಗಳ ಕಾದಾಟ ತಲೆತಲಾಂತರ ನಡೆಯಿತು.

ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಮೊದಲು ಯುವರಾಜನನ್ನಾಗಿ ಮಾಡಿ, ಆಮೇಲೆ ಪೂರ್ವದ ವೇಂಗಿಯನ್ನು ಆಳಲು ಕಳಿಸಿದನು. ಅಲ್ಲಿ ಬೇರೆಯೇ ಒಂದು ಮನೆ ಬೆಳೆದು, ಬಾದಾಮಿಯ ಮೂಲಮನೆ ಅಳಿದ ಮೇಲೂ ಮುನ್ನೂರು ವರ್ಷ ಬಾಳಿತು. ತಮ್ಮನಿಗೆ ಪಾಲು ಕೊಟ್ಟು ದೂರ ಕಳಿಸಿದ್ದು ಜಾಣತನವೆಂದೇ ನಮಗೆ ತೋರುತ್ತದೆ.

642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ಆ ಯುದ್ಧದಲ್ಲೇ ಪುಲಕೇಶಿ ಮಡಿದನೆಂದು ನಂಬಿಕೆ. ಹನ್ನೆರಡು ಹದಿಮೂರು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು. ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಆಳುತ್ತಿದ್ದರು. 655ರ ಹೊತ್ತಿಗೆ ಅವರಲ್ಲೊಬ್ಬನಾದ ವಿಕ್ರಮಾದಿತ್ಯನು ಬಾದಾಮಿಯನ್ನು ಮರಳಿ ಪಡೆದನು. ಅವನು ಅಣ್ಣನ ಮನೆಯನ್ನು ಅಳಿಸಲಿಲ್ಲ. ಅಣ್ಣ ಚಂದ್ರಾದಿತ್ಯನ ಹೆಂಡತಿ ವಿಜಯಭಟ್ಟಾರಿಕೆ ತನ್ನದೇ ಹೆಸರಿನಲ್ಲಿ ಕೊಟ್ಟ ಭೂದಾನದ ತಾಮ್ರಪಟಗಳು ನೇರೂರು ಮತ್ತು ಕೋಚರೆಗಳಲ್ಲಿ ಸಿಕ್ಕಿವೆ. ಆ ಎರಡು ಊರುಗಳೂ ಇರುವುದು ಇಂದಿನ ಸಿಂಧುದುರ್ಗ ಜಿಲ್ಲೆಯಲ್ಲಿ, ಮಂಗಳೇಶ ಗೆದ್ದ ರೇಡಿಯ ಆಸುಪಾಸಿನಲ್ಲೇ.