ಪಡೆಯೋದಕ್ಕೆ ಪಿನ್ ಬೇಡ

ಒಂದು ಹಳೇ ಮೇಜನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದೆ. ಒಬ್ಬ ಫೋನ್ ಮಾಡಿ, "ಸರ್, ದುಡ್ಡು ಕಳಿಸಿದ್ದೀನಿ, ಬೇಗ ಪಿನ್ ಒತ್ತಿ ತಗೊಳ್ಳಿ" ಅಂದ. ಬೆರಳು ಒತ್ತೋದರಲ್ಲಿತ್ತು! ಆದರೆ ಯುಪಿಐನಲ್ಲಿ ಪಿನ್ ಬೇಕಾಗೋದು ದುಡ್ಡು ಕೊಡೋದಕ್ಕೆ, ಪಡೆಯೋದಕ್ಕಲ್ಲ. ಅದು ಗೊತ್ತಿದ್ದದ್ದರಿಂದ ಉಳಿದುಕೊಂಡೆ.

ಅದೇ ವಾರ ವಾಟ್ಸ್ಆ್ಯಪ್‌ನಲ್ಲಿ ಒಂದು "ಪ್ರವಾದನೆ" ಬಂತು: ಇವತ್ತೇ ಕಾಣಿಕೆ ಕಳಿಸಿದರೆ ಕೆಲಸ ಖಂಡಿತ. ಆಗ ನನಗೆ ಕೆಲಸ ಇರಲಿಲ್ಲ, ಮನಸ್ಸು ಅಲುಗಾಡಿತು. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ತೆರೆದೆ. ಪವಿತ್ರಾತ್ಮವರ ಕೊಡುವ ಅಧಿಕಾರವನ್ನು ಸೀಮೋನನು ಹಣಕ್ಕೆ ಕೇಳಿದಾಗ ಪೇತ್ರನು ಗದರಿಸಿದನು. ದೇವರ ವರ ಮಾರಾಟಕ್ಕಿಲ್ಲ. ನಾವು ಕಾಣಿಕೆ ಕೊಡೋದು ಕೃತಜ್ಞತೆಯಿಂದ, ಖರೀದಿಗಲ್ಲ.

1 ಯೋಹಾನ 4:1ರಂತೆ ಆತ್ಮಗಳನ್ನು ಪರೀಕ್ಷಿಸೋಣ. ಯಾವುದೇ ಸ್ವರ ಅವಸರ ಮಾಡಿದರೆ, ಮೊದಲು ವಾಕ್ಯ ತೆರೆಯಿರಿ. ಆಮೆನ್.