ಕಕ್ಕಡದ ಮಳೆಯಲ್ಲೂ ಬಾಲಚುಕ್ಕಿ ಹುಡುಕಬಹುದು

ಕೊಡಗಿನ ಮಾದಾಪುರದಲ್ಲಿ ಜೂನ್‌ನಲ್ಲಿ ಮುಚ್ಚಿದ ಆಕಾಶ ಸರಿಯಾಗಿ ತೆರೆಯುವುದು ಅಕ್ಟೋಬರ್ ಹೊತ್ತಿಗೆ. ಕಕ್ಕಡ ತಿಂಗಳಲ್ಲಂತೂ ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆಸೆಪಟ್ಟು ದೂರದರ್ಶಕ ಕೊಂಡವರು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಾರೆ. ಮಳೆ ಮುಗಿದ ಮೇಲೆ ಇಳಿಸಿದರೆ ಮಸೂರದ ತುಂಬ ಬೂಸ್ಟು. 2024ರ ಅಕ್ಟೋಬರ್ ಆಸುಪಾಸಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿನ ಫೋಟೊಗಳನ್ನು ಬೆಂಗಳೂರಿನವರು ಒಂದರ ಮೇಲೊಂದು ಹಂಚುತ್ತಿದ್ದಾಗ ನಮಗಿಲ್ಲಿ ಕಂಡದ್ದು ಮಂಜು, ಮೋಡ, ಬೆಟ್ಟದ ಬೆನ್ನು.

ಆದರೆ ಅದೇ ಧೂಮಕೇತು ಅದೇ ಅಕ್ಟೋಬರ್‌ನಲ್ಲಿ ಕೆಲವು ದಿನ ಸೋಹೋ ಉಪಗ್ರಹದ ಕ್ಯಾಮೆರಾದ ಮುಂದೆಯೂ ಹಾದುಹೋಯಿತು. ಆ ಚಿತ್ರಗಳನ್ನು ನೋಡಲು ಆಕಾಶ ತಿಳಿಯಾಗಿರಬೇಕಿಲ್ಲ. ಕರೆಂಟ್ ಮತ್ತು ನೆಟ್ ಇದ್ದರೆ ಸಾಕು. ಬರಿ ನೋಡುವುದಷ್ಟೇ ಅಲ್ಲ, ಇದುವರೆಗೆ ಯಾರ ಕಣ್ಣಿಗೂ ಬೀಳದ ಧೂಮಕೇತುವನ್ನು ಅದರಲ್ಲಿ ಪತ್ತೆ ಹಚ್ಚಲೂಬಹುದು. ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾವ್ ಬರಿಗಣ್ಣಿನಿಂದ ನಕ್ಷತ್ರ ಗುರುತಿಸುವುದನ್ನು ಕನ್ನಡಿಗರಿಗೆ ಕಲಿಸಿದರು. ಇದು ಪರದೆಯ ಮೇಲೆ ಮಾಡುವ ಕೆಲಸ, ಅಷ್ಟೇ ವ್ಯತ್ಯಾಸ. ತಾಳ್ಮೆ ಎರಡಕ್ಕೂ ಒಂದೇ.

ಸೋಹೋ ಏನು ನೋಡುತ್ತದೆ

1995ರ ಡಿಸೆಂಬರ್ 2ರಂದು ಯುರೋಪ್ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಳು ಸೇರಿ ಹಾರಿಸಿದ ಉಪಗ್ರಹ ಇದು. ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಎಲ್1 ಬಿಂದುವಿನ ಬಳಿ ಇದೆ. ಅದರ ಲಾಸ್ಕೋ ಎಂಬ ಉಪಕರಣ ಸೂರ್ಯನಿಗೆ ಒಂದು ಬಿಲ್ಲೆಯನ್ನು ಅಡ್ಡ ಹಿಡಿದು ಸುತ್ತಲಿನ ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ಚಿತ್ರ ತೆಗೆಯುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ದಕ್ಷಿಣ ಕೊಡಗಿನ ಕುಟ್ಟದ ಕಡೆ ಹೋಗಿ ನೋಡಿದವರಿಗೆ ಬೆಂಕಿಯ ಉಂಗುರ ಕಂಡಿತೇ ಹೊರತು ಕರೋನಾ ಕಾಣಲಿಲ್ಲ, ಉಳಿದ ಅಂಚಿನ ಬೆಳಕೇ ಅದನ್ನು ನುಂಗಿಬಿಡುತ್ತದೆ. ಲಾಸ್ಕೋ ಒಳಗೆ ದಿನವಿಡೀ ಪೂರ್ಣಗ್ರಹಣ.

ಅದರಲ್ಲಿ ನಮಗೆ ಬೇಕಾದವು ಎರಡು ಕ್ಯಾಮೆರಾ. ಕೆಂಪು ಬಣ್ಣದಲ್ಲಿ ತೋರಿಸುವ ಚಿತ್ರ ಸಿ2ನದು, ಸೂರ್ಯನ ತ್ರಿಜ್ಯದ ಆರು ಪಟ್ಟು ದೂರದವರೆಗೆ. ನೀಲಿ ಚಿತ್ರ ಸಿ3ರದು, ಸುಮಾರು ಮೂವತ್ತು ಪಟ್ಟು ದೂರದವರೆಗೆ. ಬಣ್ಣಗಳು ಗುರುತಿಗಾಗಿ ಹಚ್ಚಿದವು. ಸಾಮಾನ್ಯವಾಗಿ 12 ನಿಮಿಷಕ್ಕೊಂದು ಚಿತ್ರ ಬರುತ್ತದೆ. ನಡುವೆ ಕಾಣುವ ಬಿಳಿ ವೃತ್ತವೇ ಸೂರ್ಯನ ಅಳತೆ.

ಈ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಸಂಖ್ಯೆ 2024ರ ಮಾರ್ಚ್‌ನಲ್ಲಿ 5000 ಮುಟ್ಟಿತು. ಹೆಚ್ಚಿನವನ್ನು ಹುಡುಕಿದವರು ವೃತ್ತಿಪರ ವಿಜ್ಞಾನಿಗಳಲ್ಲ, ಮನೆಯಲ್ಲಿ ಕೂತ ಹವ್ಯಾಸಿಗಳು. 3000ನೆಯದು ಥಾಯ್ಲೆಂಡಿನ ಒಬ್ಬರ ಪಾಲಾಯಿತು. ಸುಮಾರು ಶೇ 85ರಷ್ಟು ಧೂಮಕೇತುಗಳು ಕ್ರಾಯ್ಟ್ಸ್ ಎಂಬ ಒಂದೇ ಕುಟುಂಬದವು, ಹಿಂದೆಂದೋ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳು. ಬಹುಪಾಲು ಚೂರುಗಳು ಬರೀ ಹತ್ತಾರು ಮೀಟರಿನವು, ಸೂರ್ಯನ ಹತ್ತಿರ ಬರುತ್ತಲೇ ಆವಿಯಾಗಿ ಮುಗಿಯುತ್ತವೆ. 2011ರ ಡಿಸೆಂಬರ್‌ನಲ್ಲಿ ಲವ್‌ಜಾಯ್ ಧೂಮಕೇತು ಸೂರ್ಯನನ್ನು ಸವರಿಕೊಂಡು ಹೋಗಿ ಆಚೆ ಬದಿಯಿಂದ ಜೀವಂತ ಬಂದದ್ದು ಅಪರೂಪದ ಪ್ರಸಂಗ.

ಶುರು ಮಾಡುವುದು ಹೀಗೆ

ಗೂಗಲ್‌ನಲ್ಲಿ ‘ಸಂಗ್ರೇಜರ್ ಪ್ರಾಜೆಕ್ಟ್’ ಎಂದು ಹುಡುಕಿ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಕಾರ್ಲ್ ಬ್ಯಾಟಮ್ಸ್ ನಡೆಸುವ ಯೋಜನೆ ಅದು. ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳಿ. ಅಲ್ಲಿರುವ ಮಾರ್ಗದರ್ಶಿಯನ್ನು ಒಂದು ಸಲವಲ್ಲ, ಎರಡು ಸಲ ಓದಿ. ಕ್ರಾಯ್ಟ್ಸ್ ಗುಂಪಿನವು ಯಾವ ತಿಂಗಳಲ್ಲಿ ಚಿತ್ರದ ಯಾವ ಮೂಲೆಯಿಂದ ಬರುತ್ತವೆ ಎಂಬ ನಕ್ಷೆ ಅದರಲ್ಲಿದೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಈ ದಿಕ್ಕು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆ ತಿಂಗಳ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಆಮೇಲೆ ಸೋಹೋ ಜಾಲತಾಣದಿಂದ ಕಳೆದ ಐದಾರು ಗಂಟೆಗಳ ಸಿ2 ಚಿತ್ರಗಳನ್ನು 1024 ಪಿಕ್ಸೆಲ್ ಗಾತ್ರದಲ್ಲಿ ಇಳಿಸಿಕೊಳ್ಳಿ. ಮೊಬೈಲ್ ಪರದೆ ಈ ಕೆಲಸಕ್ಕೆ ಬರುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೂ ಸರಿ, ದೊಡ್ಡ ಪರದೆ ಬೇಕು. ಚಿತ್ರಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಬಾಣದ ಕೀಲಿ ಒತ್ತುತ್ತ ಹಿಂದಕ್ಕೂ ಮುಂದಕ್ಕೂ ಓಡಿಸಿ. ಇಡೀ ಚಿತ್ರವನ್ನು ಒಟ್ಟಿಗೆ ನೋಡಬೇಡಿ. ನಾಲ್ಕು ಭಾಗ ಮಾಡಿ ಒಂದೊಂದು ಭಾಗವನ್ನೇ ನಿಧಾನವಾಗಿ ನೋಡಿ. ಕಾಫಿ ಒಣಗಿಸುವ ಕಣದಲ್ಲಿ ಕರಿಬೀಜ ಆರಿಸುವ ಹೆಂಗಸರು ಮೊದಲು ಒಂದು ಹಿಡಿಯಷ್ಟು ಜಾಗ ಮುಗಿಸಿ ಆಮೇಲೆ ಪಕ್ಕಕ್ಕೆ ಕೈ ಹಾಕುತ್ತಾರಲ್ಲ, ಹಾಗೆ.

ಧೂಮಕೇತು ಅಲ್ಲದ್ದು ಯಾವುದು

ಇಲ್ಲೇ ಹೊಸಬರು ಸೋಲುವುದು, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಚಿತ್ರದ ತುಂಬ ಬಿಳಿ ಚುಕ್ಕಿ, ಗೀರು ಕಾಣುತ್ತವೆ. ಅವು ಕಾಸ್ಮಿಕ್ ಕಿರಣಗಳು ಕ್ಯಾಮೆರಾದ ಚಿಪ್ಪಿಗೆ ಬಡಿದ ಗುರುತು. ಒಂದು ಚಿತ್ರದಲ್ಲಿದ್ದದ್ದು ಮುಂದಿನದರಲ್ಲಿ ಇರುವುದಿಲ್ಲ. ಒಂದೇ ಚಿತ್ರದಲ್ಲಿ ಕಂಡದ್ದನ್ನು ಮರೆತುಬಿಡಿ. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಅಲುಗಾಡದೆ ಕೂತ ಚುಕ್ಕಿಯಿದ್ದರೆ ಅದು ಚಿಪ್ಪಿನ ಕೆಟ್ಟ ಪಿಕ್ಸೆಲ್.

ನಕ್ಷತ್ರಗಳು ಎಡದಿಂದ ಬಲಕ್ಕೆ ಶಿಸ್ತಾಗಿ ಸರಿಯುತ್ತವೆ, ದಿನಕ್ಕೆ ಸುಮಾರು ಒಂದು ಡಿಗ್ರಿ. ಸಿ2 ಚಿತ್ರದಲ್ಲಿ ಇದು 12 ನಿಮಿಷಕ್ಕೆ ಎರಡೂವರೆ ಪಿಕ್ಸೆಲ್‌ನಷ್ಟಾಯಿತು. ಎಲ್ಲವೂ ಒಂದೇ ವೇಗದಲ್ಲಿ ಮೆರವಣಿಗೆಯಂತೆ ಹೋಗುತ್ತವೆ. ಆ ಮೆರವಣಿಗೆಗೆ ಸೇರದೆ ತನ್ನದೇ ದಾರಿ ಹಿಡಿದದ್ದೇ ನಮ್ಮ ಬೇಟೆ.

ಗ್ರಹಗಳು ಇನ್ನೂ ಮೋಸಗಾರರು. ಶುಕ್ರ, ಗುರು, ಬುಧ ಬಂದಾಗ ಬೆಳಕು ಹೆಚ್ಚಾಗಿ ಚಿಪ್ಪಿನಲ್ಲಿ ಎರಡೂ ಬದಿಗೆ ಚೆಲ್ಲುತ್ತದೆ. ಚುಕ್ಕಿಗೆ ಅಡ್ಡಡ್ಡ ರೆಕ್ಕೆ ಬಂದಂತೆ ಕಾಣುತ್ತದೆ. ಯೂಟ್ಯೂಬಿನಲ್ಲಿ ‘ಸೂರ್ಯನ ಬಳಿ ಹಾರುವ ತಟ್ಟೆ’ ಎಂದು ಓಡುವ ವಿಡಿಯೋಗಳಲ್ಲಿ ಅನೇಕವು ಈ ರೆಕ್ಕೆಯ ಗ್ರಹಗಳೇ. ನಗಬೇಡಿ, ನಾನು ಮೊದಲ ಸಲ ಅಡುಗೆಮನೆಯಿಂದ ಎಲ್ಲರನ್ನೂ ಕೂಗಿ ಕರೆದು ತೋರಿಸಿದ ‘ಧೂಮಕೇತು’ ಬುಧ ಗ್ರಹವಾಗಿತ್ತು.

ಚಿತ್ರದಲ್ಲಿ ಚೌಕಾಕಾರದ ಕಪ್ಪು ತುಂಡು ಇದ್ದರೆ ಅದು ಭೂಮಿಗೆ ತಲುಪದೆ ಹೋದ ಮಾಹಿತಿ, ಯಾರೋ ಮುಚ್ಚಿಟ್ಟ ರಹಸ್ಯವಲ್ಲ. ಮಸುಕಾದ ದಪ್ಪ ಗೆರೆಗಳು ಉಪಗ್ರಹದ ಮೈಯಿಂದಲೇ ಕಳಚಿದ ಧೂಳು, ಕ್ಯಾಮೆರಾಕ್ಕೆ ತೀರ ಹತ್ತಿರವಿರುವುದರಿಂದ ಹಾಗೆ ಕಾಣುತ್ತವೆ. ನಡುವಿನ ಬಿಲ್ಲೆಯಿಂದ ಮೂಲೆಗೆ ಚಾಚಿದ ಕಪ್ಪು ಪಟ್ಟಿ ಬಿಲ್ಲೆಯನ್ನು ಹಿಡಿದ ತೋಳು. ಸೂರ್ಯನಿಂದ ಬುಗ್ಗೆಯಂತೆ ಹೊರಗೆ ನುಗ್ಗುವ ಮೋಡ ಕರೋನಾದ ಸ್ಫೋಟ. ನೋಡಲು ಚೆಂದ, ಆದರೆ ವರದಿ ಮಾಡಬೇಕಾದದ್ದಲ್ಲ.

ಅಳೆಯುವುದು, ಕಳಿಸುವುದು

ಅನುಮಾನದ ಚುಕ್ಕಿ ಸಿಕ್ಕಿತು ಅನ್ನಿ. ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಚುಕ್ಕಿಯ ಮೇಲೆ ಮೌಸ್ ಇಟ್ಟರೆ ಕೆಳಗೆ ಎರಡು ಅಂಕಿ ಕಾಣುತ್ತವೆ: ಎಡದಿಂದ ಎಷ್ಟು ಪಿಕ್ಸೆಲ್, ಮೇಲಿನಿಂದ ಎಷ್ಟು. ಪೇಂಟ್ ಎಣಿಸುವುದು ಮೇಲಿನ ಎಡ ಮೂಲೆಯಿಂದ. ಕೆಲವು ತಂತ್ರಾಂಶಗಳು ಕೆಳಗಿನ ಮೂಲೆಯಿಂದ ಎಣಿಸುತ್ತವೆ. ವರದಿಯ ನಮೂನೆಯಲ್ಲಿ ಯಾವ ಮೂಲೆ ಎಂದು ಕೇಳುತ್ತದೆ, ತಪ್ಪಾಗಿ ಹಾಕಿದರೆ ನಿಮ್ಮ ಧೂಮಕೇತು ತಲೆಕೆಳಗಾಗಿ ಸೂರ್ಯನ ಆಚೆ ಬದಿಯಲ್ಲಿರುತ್ತದೆ.

ಒಂದು ಕಲ್ಪಿತ ಉದಾಹರಣೆ. ಸಿ2 ಚಿತ್ರದಲ್ಲಿ ಚುಕ್ಕಿ 18:00ಕ್ಕೆ (790, 880), 18:12ಕ್ಕೆ (778, 865), 18:24ಕ್ಕೆ (766, 849), 18:36ಕ್ಕೆ (754, 832) ಇದ್ದರೆ ಏನರ್ಥ? ಬಲ ಕೆಳ ಮೂಲೆಯಿಂದ ಸೂರ್ಯನತ್ತ ನೇರವಾಗಿ ಬರುತ್ತಿದೆ. ಒಂದು ಹೆಜ್ಜೆಗೆ ಸುಮಾರು 20 ಪಿಕ್ಸೆಲ್, ಅಂದರೆ ನಕ್ಷತ್ರದ ಎಂಟು ಪಟ್ಟು ವೇಗ. ಹೆಜ್ಜೆ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಿದೆ, ಸೂರ್ಯನತ್ತ ಬೀಳುವ ವಸ್ತು ಹಾಗೇ ಮಾಡಬೇಕು. ಇಂಥದ್ದನ್ನು ಧೈರ್ಯವಾಗಿ ಕಳಿಸಬಹುದು. ಅಂಕಿಗಳು ಹಿಂದೆ ಮುಂದೆ ಕುಣಿದರೆ ಅದು ಧೂಮಕೇತುವಲ್ಲ, ಬೇರೆ ಬೇರೆ ಚುಕ್ಕಿಗಳನ್ನು ನಿಮ್ಮ ಆಸೆಯೇ ಸಾಲಾಗಿ ಜೋಡಿಸಿದೆ.

ಸಮಯದ ಬಗ್ಗೆ ಎಚ್ಚರ. ಚಿತ್ರದ ಮೇಲಿರುವುದು ಅಂತರರಾಷ್ಟ್ರೀಯ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೇಲಿನ 18:00 ನಮಗೆ ರಾತ್ರಿ ಹನ್ನೊಂದೂವರೆ. ಕೊನೆಯ ಚಿತ್ರ ನಮ್ಮ ಗಡಿಯಾರದಲ್ಲಿ 12 ಗಂಟೆ 6 ನಿಮಿಷ, ತಾರೀಖು ಬದಲಾಗಿಬಿಟ್ಟಿದೆ. ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಬರೆಯಬೇಡಿ. ಚಿತ್ರದ ಮೇಲೆ ಇದ್ದದ್ದನ್ನೇ ಬರೆಯಿರಿ.

ಕಳಿಸುವ ಮೊದಲು ಬೇರೆಯವರ ವರದಿಗಳ ಪಟ್ಟಿ ನೋಡಿ. ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬರು ಹತ್ತು ನಿಮಿಷ ಮೊದಲು ಅದನ್ನೇ ಕಳಿಸಿರಬಹುದು. ಮೊದಲು ವರದಿ ಮಾಡಿದವರಿಗೇ ಪತ್ತೆಯ ಶ್ರೇಯ. ಹಾಗೆಂದು ಅವಸರಪಟ್ಟು ಎರಡೇ ಚಿತ್ರ ಹಿಡಿದು ಓಡಬೇಡಿ, ನಾಲ್ಕೈದು ಚಿತ್ರಗಳಲ್ಲಿ ಕಂಡಮೇಲೆ ಕಳಿಸಿ. ದೃಢಪಟ್ಟರೆ ಪಟ್ಟಿಯಲ್ಲಿ ಪತ್ತೆ ಮಾಡಿದವರಾಗಿ ನಿಮ್ಮ ಹೆಸರು ಬರುತ್ತದೆ. ಧೂಮಕೇತುವಿಗೆ ಮಾತ್ರ ನಿಮ್ಮ ಹೆಸರಿಲ್ಲ, ಅದು ಸೋಹೋ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ.

ನಮ್ಮದೇ ಆದಿತ್ಯ?

ಕೇಳಿಯೇ ಕೇಳುತ್ತೀರಿ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಎಲ್1 ಕಕ್ಷೆ ಸೇರಿದ ಇಸ್ರೋದ ಆದಿತ್ಯ-ಎಲ್1ರಲ್ಲೂ ಲಾಸ್ಕೋದಂಥ ಕರೋನಾಗ್ರಾಫ್ ಇದೆ. ವೆಲ್ಕ್ ಎಂಬ ಆ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿತು. ಮಾಹಿತಿ ಸಂಗ್ರಹವಾಗುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ. ಪ್ರದಾನ್ ಎಂಬ ಜಾಲತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಅದು ಉಚಿತ. ಆದರೆ ವೆಲ್ಕ್ ನೋಡುವುದು ಸೂರ್ಯನ ತ್ರಿಜ್ಯದ ಮೂರು ಪಟ್ಟಿನೊಳಗಿನ ಜಾಗವನ್ನು. ಸಣ್ಣ ಚೂರುಗಳಲ್ಲಿ ಹೆಚ್ಚಿನವು ಅಲ್ಲಿಗೆ ಬರುವಷ್ಟರಲ್ಲಿ ಆವಿಯಾಗಿರುತ್ತವೆ. ಕರೋನಾದ ಬುಡ ತಿಳಿಯಲು ಅದು ಬಂಗಾರದಂಥ ಉಪಕರಣ, ಧೂಮಕೇತು ಬೇಟೆಗೆ ಅಲ್ಲ. ಮೂವತ್ತು ದಾಟಿದ ಸೋಹೋ ಮುಂದೊಂದು ದಿನ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ, 2024ರಲ್ಲಿ ಹಾರಿದ ಗೋಸ್-19 ಉಪಗ್ರಹದ ಕರೋನಾಗ್ರಾಫ್ ಚಿತ್ರಗಳು ಸಾರ್ವಜನಿಕರಿಗೆ ಸಿಗುತ್ತಿವೆ.

ವಾರಗಟ್ಟಲೆ ಏನೂ ಸಿಗದಿರಬಹುದು, ಅದಕ್ಕೆ ಸಿದ್ಧರಾಗಿ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ, ದಣಿದ ಕಣ್ಣಿಗೆ ಎಲ್ಲ ಚುಕ್ಕಿಯೂ ಓಡುತ್ತದೆ. ಇನ್ನು ನಮ್ಮ ಕಡೆಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಬರದಿದ್ದರೂ ಆಶ್ಚರ್ಯವಿಲ್ಲ. ಸಂಜೆ ಕರೆಂಟ್ ಇರುವಾಗಲೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಚಿತ್ರಗಳನ್ನು ಇಳಿಸಿಕೊಂಡುಬಿಡಿ.